ಇಪ್ಪತ್ತೇಳು ವರ್ಷದ ಫರ್ನೇಸ್ ಇಳಿಸಿ ಹೀಟ್ ಪಂಪ್ ಕೂರಿಸಿದ ಮನೆ: ಒಂದು ಪ್ರಕರಣ ಅಧ್ಯಯನ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಒಂದು ಊರಿನ ಮನೆ ಇದು. ಮನೆಯವರು ವಿಜಯಪುರದ ಕಡೆಯವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಗಂಡನಿಗೆ ಮಹೇಶ, ಹೆಂಡತಿಗೆ ಸುಧಾ ಎಂದು ಹೆಸರಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಅಂಕಿಗಳನ್ನು ಅವರ ಬಿಲ್ಲುಗಳಿಂದಲೇ ತೆಗೆದು ಹತ್ತಿರದ ಸಂಖ್ಯೆಗೆ ತಂದಿದ್ದೇನೆ. ಮನೆಗಳಲ್ಲಿ ಶಾಖ ಎಲ್ಲಿ ಪೋಲಾಗುತ್ತಿದೆ, ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡುವುದು ನನ್ನ ಉದ್ಯೋಗ. ಈ ಮನೆಗೆ ಮಾತ್ರ ಸ್ನೇಹಕ್ಕಾಗಿ ಹೋದೆ. ಆದ ತಪ್ಪುಗಳಲ್ಲಿ ಒಂದು ನನ್ನದೂ ಇದೆ, ಅದನ್ನೂ ಬರೆದಿದ್ದೇನೆ.

ಇಲ್ಲಿನ ಚಳಿಯ ಪರಿಚಯವಿಲ್ಲದವರಿಗೆ ಒಂದು ಮಾತು. ಫರ್ನೇಸ್ ಎಂದರೆ ಬೇಸ್‌ಮೆಂಟಿನಲ್ಲಿ ನಿಂತಿರುವ, ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸ್ ಉರಿಯುತ್ತದೆ, ಫ್ಯಾನ್ ಆ ಬಿಸಿಯನ್ನು ಡಕ್ಟು ಎಂಬ ಗಾಳಿ ಕೊಳವೆಗಳ ಮೂಲಕ ಕೋಣೆ ಕೋಣೆಗೆ ಊದುತ್ತದೆ, ಹೊಗೆ ಚಿಮಣಿಯಿಂದ ಮೇಲೆ ಹೋಗುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮನೆಯ ಜೀವವೇ ಅದು.

ಎಸಿ ಕೈಕೊಟ್ಟ ಜುಲೈ

ಮನೆ ಕಟ್ಟಿದ್ದು 1978ರಲ್ಲಿ. ಎರಡು ಅಂತಸ್ತು, ಎರಡು ಸಾವಿರ ಚದರಡಿ. ಫರ್ನೇಸ್ ಮತ್ತು ಎಸಿ ಎರಡನ್ನೂ ಹಿಂದಿನ ಮಾಲೀಕರು 1996ರಲ್ಲಿ ಒಟ್ಟಿಗೆ ಹಾಕಿಸಿದ್ದರು. 2023ರ ಜುಲೈಯಲ್ಲಿ ಕೆಟ್ಟದ್ದು ಎಸಿ. ಅದರೊಳಗಿನ, ತಂಪು ಮಾಡುವ ಆರ್-22 ಅನಿಲ ಸೋರಿಹೋಗಿತ್ತು. ಅಮೆರಿಕದಲ್ಲಿ 2020ರ ಜನವರಿ 1ರಿಂದ ಆ ಅನಿಲದ ಹೊಸ ಉತ್ಪಾದನೆ, ಆಮದು ಎರಡೂ ನಿಂತಿವೆ. ಹಳೆಯ ದಾಸ್ತಾನಿನಲ್ಲಿ ಉಳಿದದ್ದನ್ನು ಚಿನ್ನದಂತೆ ತೂಗಿ ಕೊಡುತ್ತಾರೆ. ನೋಡಲು ಬಂದ ಮೆಕ್ಯಾನಿಕ್ ಹೊಸ ಎಸಿಗೆ 8,500 ಡಾಲರ್ ಹೇಳಿ ಹೋದ.

ಸುಧಾ ಆಗ ಐದು ತಿಂಗಳ ಗರ್ಭಿಣಿ. ಮಹೇಶ ಫೋನ್ ಮಾಡಿ, "ಸರ್, ಎಸಿ ಹಾಕಿಸಿಬಿಡಲಾ?" ಎಂದು ಕೇಳಿದರು. ಎರಡು ದಿನ ತಡೆಯಿರಿ ಎಂದೆ.

ಈ ಪ್ರಕರಣದ ಮೊದಲ ತಿರುವು ಇದು. ಹೀಟ್ ಪಂಪ್ ಎಂದರೆ ಎರಡೂ ದಿಕ್ಕಿಗೆ ಓಡಬಲ್ಲ ಎಸಿ, ಅಷ್ಟೇ. ಬೇಸಿಗೆಯಲ್ಲಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಹೊರಗಿನ ಗಾಳಿಯಿಂದ ಶಾಖವನ್ನು ಎಳೆದು ಒಳಗೆ ತರುತ್ತದೆ. ಕೊರೆಯುವ ಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಫ್ರಿಜ್ಜಿನ ಒಳಗೂ ತಣ್ಣಗೇ ಇರುತ್ತದೆ, ಅದರ ಬೆನ್ನಿನ ಕಡೆ ಕೈ ಇಟ್ಟರೆ ಬಿಸಿ. ಅದೇ ತಂತ್ರ. ಶಾಖವನ್ನು ಹುಟ್ಟಿಸದೆ ಬರೀ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ ಹದವಾದ ಚಳಿಯಲ್ಲಿ ಮೂರು ಯೂನಿಟ್, ಕಡು ಚಳಿಯಲ್ಲಿ ಎರಡು ಯೂನಿಟ್ ಶಾಖ ಸಿಗುತ್ತದೆ. ಹೇಗೂ ಹೊಸ ಎಸಿಗೆ ದುಡ್ಡು ಹಾಕಲೇಬೇಕಾದ ಮನೆಯಲ್ಲಿ ಅದೇ ದುಡ್ಡಿನ ಮೇಲೆ ಇನ್ನಷ್ಟು ಸೇರಿಸಿ ಎರಡೂ ಕೆಲಸ ಮಾಡುವ ಯಂತ್ರ ತರಬಹುದಲ್ಲ ಎಂಬುದು ನನ್ನ ವಾದ.

ಎಸಿ ಜುಲೈಯಲ್ಲಿ ಕೆಟ್ಟದ್ದು ಅವರ ಪುಣ್ಯ. ಜನವರಿಯಲ್ಲಿ ಫರ್ನೇಸ್ ಕೆಟ್ಟಿದ್ದರೆ ಮರುದಿನ ಸಂಜೆಯೊಳಗೆ ಅದೇ ಜಾಗದಲ್ಲಿ ಇನ್ನೊಂದು ಫರ್ನೇಸ್ ಬಂದು ಕೂತಿರುತ್ತಿತ್ತು. ನಡುಗುವ ಮನೆಯಲ್ಲಿ ಯಾರೂ ಮೂರು ಕೊಟೇಶನ್ ತರಿಸಿ ಲೆಕ್ಕ ಹಾಕುತ್ತ ಕೂರುವುದಿಲ್ಲ.

ಮಹೇಶನಿಗೆ ಒಳಗೊಳಗೇ ಒಂದು ಅಳುಕಿತ್ತು. "ಫರ್ನೇಸ್ ಚೆನ್ನಾಗೇ ನಡೀತಿದೆ ಸರ್. ನಡೆಯೋದನ್ನ ಕಿತ್ತು ಬಿಸಾಕೋದು ಮನಸ್ಸಿಗೆ ಬರಲ್ಲ." ನಮ್ಮ ಮನೆಗಳಲ್ಲಿ ಬೆಳೆದ ಯಾರಿಗಾದರೂ ಈ ಮಾತು ಅರ್ಥವಾಗುತ್ತದೆ. ಆದರೆ ಇಪ್ಪತ್ತೇಳು ವರ್ಷದ ಫರ್ನೇಸು ಇನ್ನು ಎಷ್ಟು ಚಳಿಗಾಲ ತಳ್ಳೀತು? ಅದೂ ಮನೆಯಲ್ಲಿ ಹಸುಗೂಸು ಇರುವ ವರ್ಷ.

ಮೂರು ಕೊಟೇಶನ್, ಹಳೆಯ ಒಂದು ಬಿಲ್

ಆಗಸ್ಟಿನಲ್ಲಿ ಮೂವರು ಕಾಂಟ್ರಾಕ್ಟರುಗಳು ಬಂದರು. ಮೊದಲನೆಯವನು ಬೇಸ್‌ಮೆಂಟಿಗೆ ಇಳಿದು, ಫರ್ನೇಸಿಗೆ ಅಂಟಿಸಿದ ಚೀಟಿ ಓದಿ, ಹತ್ತು ನಿಮಿಷಕ್ಕೆ ಮೇಲೆ ಬಂದ. ಫರ್ನೇಸ್ ಗಂಟೆಗೆ 1,00,000 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಗ್ಯಾಸ್ ಉರಿಸಿ 80,000 ಬಿಟಿಯು ಶಾಖ ಕೊಡುತ್ತದೆ, ಆದ್ದರಿಂದ 5 ಟನ್ ಹೀಟ್ ಪಂಪ್ ಬೇಕೇ ಬೇಕು ಎಂದ. ಎರಡನೆಯವನು 3 ಟನ್ನಿನ ಪಂಪ್ ಹಾಕಿ, ಕಡು ಚಳಿಗೆ ಹಳೆಯ ಫರ್ನೇಸನ್ನೇ ಇಟ್ಟುಕೊಳ್ಳಿ ಎಂದ; 15,800 ಡಾಲರ್. ಮೂರನೆಯವಳು ಎರಡೂವರೆ ಗಂಟೆ ಇದ್ದಳು. ಕಿಟಕಿಗಳ ಅಳತೆ ತೆಗೆದಳು, ಅಟ್ಟ ಹತ್ತಿದಳು, ಡಕ್ಟಿನೊಳಗಿನ ಒತ್ತಡ ನೋಡಿದಳು, ಕೋಣೆ ಕೋಣೆಯ ಲೆಕ್ಕ ಹಾಕಿದಳು. ಈ ಲೆಕ್ಕಕ್ಕೆ ಇಲ್ಲಿ ಮ್ಯಾನ್ಯುಯಲ್ ಜೆ ಎನ್ನುತ್ತಾರೆ. ಅವಳು ಹೇಳಿದ್ದು ಪೂರ್ತಿ ಮನೆಗೆ 3 ಟನ್ನಿನ, ಚಳಿ ಪ್ರದೇಶಕ್ಕೆಂದೇ ಮಾಡಿದ ಪಂಪ್; 21,400 ಡಾಲರ್.

5 ಟನ್ ಎಲ್ಲಿ, 3 ಟನ್ ಎಲ್ಲಿ! ಮಹೇಶ ಗಾಬರಿಯಾದರು. ಯಾರನ್ನು ನಂಬುವುದು? ನಾನು ಅವರ 2022ರ ಜನವರಿಯ ಗ್ಯಾಸ್ ಬಿಲ್ ತರಿಸಿ ಅದರ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. ಯಾರು ಬೇಕಾದರೂ ಮಾಡಬಹುದಾದ ಲೆಕ್ಕ ಇದು, ಹಾಗಾಗಿ ಪೂರ್ತಿ ಕೊಡುತ್ತೇನೆ.

ಆ ತಿಂಗಳು ಉರಿದದ್ದು 254 ಥರ್ಮ್; ಬಿಲ್ಲಿನಲ್ಲಿ ಗ್ಯಾಸ್ ಅಳೆಯುವ ಮಾನ ಅದು. ಬೇಸಿಗೆಯ ಬಿಲ್ಲುಗಳಲ್ಲಿ ಬರೀ ನೀರು ಕಾಯಿಸಲು ಮತ್ತು ಅಡುಗೆಗೆ 18 ಥರ್ಮ್ ಹೋಗುತ್ತಿತ್ತು. ಅದನ್ನು ಕಳೆದರೆ 236. ಫರ್ನೇಸಿನ ದಕ್ಷತೆ ಶೇ. 80, ಅಂದರೆ ಮನೆಯೊಳಗೆ ಬಂದದ್ದು 189 ಥರ್ಮ್. ಉಳಿದದ್ದು ಚಿಮಣಿ ಪಾಲು. ಒಂದು ಥರ್ಮ್ ಅಂದರೆ 1,00,000 ಬಿಟಿಯು. 31 ದಿನಕ್ಕೆ 744 ಗಂಟೆ. ಭಾಗಿಸಿದರೆ ಗಂಟೆಗೆ ಸರಾಸರಿ 25,400 ಬಿಟಿಯು. ಆ ತಿಂಗಳ ಸರಾಸರಿ ಹವೆ 25 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್ಸಿನಲ್ಲಿ ಮೈನಸ್ 4ರ ಹತ್ತಿರ. ಹೊರಗೆ 65 ಡಿಗ್ರಿ ಇದ್ದರೆ ಮನೆಗೆ ಹೀಟರ್ ಬೇಡ. ಜನರ ಮೈಶಾಖ, ಒಲೆ, ಬಿಸಿಲು ಸಾಕು. ಅಂದರೆ ಅಂತರ 40 ಡಿಗ್ರಿ. ಡಿಗ್ರಿಗೆ 635 ಬಿಟಿಯು ಬಂತು. ಈ ಊರಿನ ಕಡು ಚಳಿಗೆ ಲೆಕ್ಕ ಹಿಡಿಯುವುದು 10 ಡಿಗ್ರಿ, ಸೆಲ್ಸಿಯಸ್ಸಿನಲ್ಲಿ ಮೈನಸ್ 12. ಅಂತರ 55. ಗುಣಿಸಿದರೆ ಗಂಟೆಗೆ 35,000 ಬಿಟಿಯು. ಒಂದು ಟನ್ ಎಂದರೆ 12,000. ಮೂರು ಟನ್ನಿಗೆ ಒಂದು ಕೂದಲೆಳೆ ಕಡಿಮೆ.

ಹಾಗಾದರೆ ಆ 80,000ದ ಫರ್ನೇಸ್ ಇಪ್ಪತ್ತೇಳು ವರ್ಷ ಬೇಕಾದದ್ದರ ಎರಡರಷ್ಟಕ್ಕೂ ಹೆಚ್ಚಿತ್ತು! ಗ್ಯಾಸ್ ಫರ್ನೇಸಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ಹತ್ತು ನಿಮಿಷ ಉರಿದು ಆರುತ್ತದೆ. ಹೀಟ್ ಪಂಪ್ ಹಾಗಲ್ಲ. ಅದು ನಿಧಾನವಾಗಿ, ಬಿಡದೆ ಓಡಬೇಕು. 5 ಟನ್ನಿನದು ತಂದಿದ್ದರೆ ಹದವಾದ ಚಳಿಯಲ್ಲಿ ಪದೇ ಪದೇ ಆರಿ ಹತ್ತಿ ಸವೆಯುತ್ತಿತ್ತು, ಬೇಸಿಗೆಯಲ್ಲಿ ಮನೆ ತಂಪಾದರೂ ಸೆಕೆಯ ಪಸೆ ಇಳಿಯುತ್ತಿರಲಿಲ್ಲ.

ಎರಡನೆಯವನ ಸಲಹೆಯನ್ನು ನಾನು ತಳ್ಳಿಹಾಕಲಿಲ್ಲ. ಚಳಿ ಇನ್ನೂ ಹೆಚ್ಚಿರುವ ಮಿನೆಸೋಟದಂತಹ ಕಡೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಅದು ಹೊಂದಲಿಲ್ಲ, ಕಾರಣ ರಿಯಾಯಿತಿಯ ಲೆಕ್ಕ. ಮ್ಯಾಸಚೂಸೆಟ್ಸ್‌ನ ಮಾಸ್ ಸೇವ್ ಯೋಜನೆಯಲ್ಲಿ ಆಗ ಪೂರ್ತಿ ಮನೆಗೆ ಹೀಟ್ ಪಂಪ್ ಹಾಕಿದರೆ 10,000 ಡಾಲರ್, ಅರೆಬರೆ ಹಾಕಿದರೆ ಟನ್ನಿಗೆ 1,250. ಕೇಂದ್ರ ಸರ್ಕಾರದ ತೆರಿಗೆ ವಿನಾಯಿತಿ ಎರಡಕ್ಕೂ 2,000ದವರೆಗೆ. ಕಳೆದು ನೋಡಿದರೆ ಅರೆಬರೆಯದಕ್ಕೆ ಕೈಯಿಂದ 10,050, ಪೂರ್ತಿಯದಕ್ಕೆ 9,400. ಹೊಸ ಎಸಿಯ ಜೊತೆ ಹೊಸ ಗ್ಯಾಸ್ ಫರ್ನೇಸ್ ಹಾಕಿಸಿದ್ದರೆ 15,500. ಈಗ ಇದನ್ನು ಓದುವವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಕೇಂದ್ರದ ಆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ರಾಜ್ಯಗಳ ಮೊತ್ತಗಳೂ ವರ್ಷ ವರ್ಷ ಬದಲಾಗುತ್ತವೆ.

ಊದಿನಕಡ್ಡಿಯ ಹೊಗೆ

10,000 ಡಾಲರ್ ಸಿಗಬೇಕಾದರೆ ಮೊದಲು ಮನೆಯ ಸೋರಿಕೆ ಮುಚ್ಚಿಸಿರಬೇಕು ಎಂಬ ನಿಯಮವಿತ್ತು. ನಿಯಮವಿಲ್ಲದಿದ್ದರೂ ನಾನು ಅದನ್ನೇ ಮೊದಲು ಮಾಡಿಸುತ್ತಿದ್ದೆ.

ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯ ಗಾಳಿಯನ್ನು ಹೊರಗೆ ಎಳೆಯುವ ಪರೀಕ್ಷೆ ಒಂದಿದೆ. ಒಳಗೆ ಗಾಳಿ ಕಡಿಮೆಯಾದಾಗ ಬಿರುಕು ಇದ್ದಲ್ಲೆಲ್ಲ ಹೊರಗಿನ ಗಾಳಿ ನುಗ್ಗುತ್ತದೆ. ಸುಧಾ ದೇವರ ಕೋಣೆಯಿಂದ ಒಂದು ಊದಿನಕಡ್ಡಿ ತಂದುಕೊಟ್ಟರು. ಹಚ್ಚಿಕೊಂಡು ಮನೆಯೆಲ್ಲ ಸುತ್ತಿದೆವು. ಕಿಟಕಿಗಳ ಬಳಿ ಹೊಗೆ ಅಲುಗಾಡಲೇ ಇಲ್ಲ, ಅವನ್ನು ಹಿಂದಿನವರು ಬದಲಿಸಿದ್ದರು. ಅಟ್ಟದ ಮುಚ್ಚಳದ ಕೆಳಗೆ ಹಿಡಿದಾಗ ಹೊಗೆ ಯಾರೋ ಊದಿದಂತೆ ಚೆದುರಿ ನಮ್ಮ ಮುಖಕ್ಕೇ ಬಂತು. ಬೇಸ್‌ಮೆಂಟಿನಲ್ಲಿ ಗೋಡೆಯ ಮೇಲೆ ಮರದ ಚೌಕಟ್ಟು ಕೂರುವ ಸಂದಿನಲ್ಲೂ ಅಷ್ಟೇ. "ಇಷ್ಟು ವರ್ಷ ಕಿಟಕಿಗೆ ಪ್ಲಾಸ್ಟಿಕ್ ಅಂಟಿಸ್ತಾ ಇದ್ದೆವಲ್ಲ!" ಎಂದರು ಸುಧಾ.

ಸೆಪ್ಟೆಂಬರಿನಲ್ಲಿ ಆ ಸಂದುಗಳನ್ನೆಲ್ಲ ಮುಚ್ಚಿ, ಅಟ್ಟಕ್ಕೆ ಕಾಗದದ ಪುಡಿಯಿಂದ ಮಾಡಿದ ಸೆಲ್ಯುಲೋಸನ್ನು ಒಂದೂಕಾಲು ಅಡಿ ದಪ್ಪಕ್ಕೆ ಊದಿಸಿದ್ದಾಯಿತು. 7,200 ಡಾಲರಿನ ಕೆಲಸದಲ್ಲಿ ಶೇ. 75 ಮಾಸ್ ಸೇವ್ ಕೊಟ್ಟಿತು, ಇವರ ಪಾಲು 1,800. ಮನೆಗೆ ಬೇಕಾದ ಶಾಖ 35,000ದಿಂದ 28,000ಕ್ಕೆ ಇಳಿಯಿತು. 3 ಟನ್ನಿನ ಪಂಪಿಗೆ ಈಗ ಉಸಿರಾಡಲು ಜಾಗ ಸಿಕ್ಕಿತ್ತು.

ಆದರೂ ಮಹೇಶ ಫೆಬ್ರವರಿಯನ್ನು ಮರೆತಿರಲಿಲ್ಲ. ಅದೇ ವರ್ಷ ಫೆಬ್ರವರಿ 4ರ ಬೆಳಿಗ್ಗೆ ಬಾಸ್ಟನ್ನಿನಲ್ಲಿ ಮೈನಸ್ 10 ಫ್ಯಾರನ್‌ಹೀಟ್, ಅಂದರೆ ಮೈನಸ್ 23 ಸೆಲ್ಸಿಯಸ್ ಆಗಿತ್ತು. ಅಂಥ ದಿನ ಮತ್ತೆ ಬಂದರೆ? ಆ ದಿನದ ಬೇಡಿಕೆ ಗಂಟೆಗೆ 38,000 ಬಿಟಿಯು, ಪಂಪ್ ಕೊಡುವುದು 26,000. ಉಳಿದ 12,000ಕ್ಕೆ ಮೂರೂವರೆ ಕಿಲೋವ್ಯಾಟ್ ಸಾಕು. ಡಕ್ಟಿನೊಳಗೆ 10 ಕಿಲೋವ್ಯಾಟಿನ ವಿದ್ಯುತ್ ಕಾಯಿಲನ್ನು (ಕರೆಂಟಿನಿಂದ ಕಾಯುವ ಸುರುಳಿ) ಬೆಂಬಲಕ್ಕೆ ಇಡುವುದೆಂದಾಯಿತು. ಇದೇ ಕಾಯಿಲ್ ಮುಂದೆ ಡಿಸೆಂಬರಿನಲ್ಲಿ ನಮ್ಮನ್ನು ಕಾಡಿದ್ದು.

ಚಿಮಣಿಗೆ ಕಟ್ಟಿಕೊಂಡಿದ್ದ ಇನ್ನೊಂದು ಯಂತ್ರ

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಮೂವರು ಕಾಂಟ್ರಾಕ್ಟರುಗಳಲ್ಲಿ ಒಬ್ಬರೂ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಬೇಸ್‌ಮೆಂಟಿನಲ್ಲಿ ಫರ್ನೇಸಿನ ಪಕ್ಕದಲ್ಲೇ ನೀರು ಕಾಯಿಸುವ ಗ್ಯಾಸ್ ಹಂಡೆ ನಿಂತಿತ್ತು, 40 ಗ್ಯಾಲನ್ನಿನದು. ಎರಡರ ಹೊಗೆ ಕೊಳವೆಗಳೂ ಸೇರಿ ಒಂದೇ ಇಟ್ಟಿಗೆ ಚಿಮಣಿಗೆ ಹೋಗುತ್ತಿದ್ದವು. ಫರ್ನೇಸ್ ಉರಿಯುವಾಗ ಚಿಮಣಿ ಬಿಸಿಯಾಗಿ ಎರಡರ ಹೊಗೆಯನ್ನೂ ಎಳೆದುಕೊಳ್ಳುತ್ತಿತ್ತು. ಈಗ ಫರ್ನೇಸ್ ತೆಗೆದರೆ? ಆ ದೊಡ್ಡ ಚಿಮಣಿಯನ್ನು ಬಿಸಿ ಮಾಡಲು ಸಣ್ಣ ಹಂಡೆಯ ಹೊಗೆ ಸಾಲದು. ತಣ್ಣನೆಯ ಇಟ್ಟಿಗೆಗೆ ತಾಗಿ ಹೊಗೆಯ ಆವಿ ನೀರಾಗಿ ಇಳಿಯುತ್ತದೆ, ಒಮ್ಮೊಮ್ಮೆ ಹೊಗೆಯೇ ಹಿಂದಿರುಗಿ ಮನೆಯೊಳಗೆ ಬರುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಮನೆಯ ಸೋರಿಕೆ ಮುಚ್ಚಿಸಿದ ಮೇಲಂತೂ ಅಪಾಯ ಹೆಚ್ಚು, ಯಾಕೆಂದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಮನೆಗೆ ಗಾಳಿ ಸಿಗುವ ಸುಲಭದ ದಾರಿ ಆ ಚಿಮಣಿಯೇ ಆಗಿಬಿಡುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈ ರಾಜ್ಯದಲ್ಲಿ ಗ್ಯಾಸ್, ಎಣ್ಣೆಯಂಥ ಇಂಧನ ಉರಿಸುವ ಮನೆಗಳಲ್ಲಿ ಅದರ ಅಲಾರಂ ಇರಬೇಕೆಂಬ ಕಾನೂನು 2006ರಿಂದ ಜಾರಿಯಲ್ಲಿದೆ. ಹಿಮ ಮುಚ್ಚಿಕೊಂಡು ಹೊಗೆ ಕೊಳವೆ ಕಟ್ಟಿದ್ದರಿಂದ ಸತ್ತ ಏಳು ವರ್ಷದ ಹುಡುಗಿಯ ಹೆಸರಿನಲ್ಲೇ ಅದನ್ನು ನಿಕೋಲ್ ಕಾನೂನು ಎಂದು ಕರೆಯುತ್ತಾರೆ.

ಮಹೇಶನ ಮುಂದೆ ಎರಡು ದಾರಿ ಇದ್ದವು. ಚಿಮಣಿಯೊಳಗೆ ಸಣ್ಣ ವ್ಯಾಸದ ಲೋಹದ ಕೊಳವೆ ಇಳಿಸಿ ಹಂಡೆಯನ್ನು ಉಳಿಸಿಕೊಳ್ಳುವುದು, ಇಲ್ಲವೇ ಹಂಡೆಯನ್ನೂ ಹೀಟ್ ಪಂಪಿನದಕ್ಕೆ ಬದಲಿಸುವುದು. ಅವರು ಎರಡನೆಯದನ್ನು ಆರಿಸಿದರು. ಆದರೆ ತೆರಿಗೆ ನಿಯಮ ನೋಡಿ ಒಂದು ಪ್ರಶ್ನೆ ಎತ್ತಿದರು. 2,000 ಡಾಲರಿನ ಮಿತಿ ವರ್ಷಕ್ಕೆ ಒಂದೇ, ಮನೆಯ ಹೀಟ್ ಪಂಪ್ ಮತ್ತು ನೀರಿನ ಹಂಡೆ ಎರಡೂ ಸೇರಿ. ಎರಡನ್ನೂ 2023ರಲ್ಲಿ ಹಾಕಿದರೆ ಹಂಡೆಗೆ ಏನೂ ಸಿಗುವುದಿಲ್ಲ. ಹಂಡೆಯನ್ನು ಜನವರಿಗೆ ಮುಂದೂಡಿದರೆ 2024ರ ಲೆಕ್ಕದಲ್ಲಿ 850 ಡಾಲರ್ ವಾಪಸ್. "ಮೂರು ತಿಂಗಳ ಮಾತು ಸರ್."

ಆ ಮೂರು ತಿಂಗಳಲ್ಲೇ ಹೆರಿಗೆ ಇತ್ತು. ಒಂಟಿ ಹಂಡೆಯನ್ನು ಆ ಚಿಮಣಿಗೆ ಬಿಟ್ಟು ಎಳೆಗೂಸನ್ನು ಆ ಮನೆಯಲ್ಲಿ ಮಲಗಿಸಲು ನಾನು ಒಪ್ಪುವುದಿಲ್ಲ ಎಂದೆ. ಸುಧಾ ನಡುವೆ ಮಾತೇ ಬೆಳೆಯಲು ಬಿಡಲಿಲ್ಲ. ಅದೇ ಅಕ್ಟೋಬರಿನಲ್ಲಿ ಹಂಡೆಯೂ ಬಂತು. 50 ಗ್ಯಾಲನ್ ಸಾಕೆಂದಿದ್ದರು, ನಾನು 65ಕ್ಕೆ ಒತ್ತಾಯಿಸಿದೆ. ಹೀಟ್ ಪಂಪಿನ ಹಂಡೆ ನೀರನ್ನು ನಿಧಾನವಾಗಿ ಕಾಯಿಸುತ್ತದೆ, ಬಾಣಂತಿಗೂ ಕೂಸಿಗೂ ಎರೆಯುವ ಮನೆಯಲ್ಲಿ ಬಿಸಿನೀರಿನ ಖರ್ಚು ಎಷ್ಟೆಂದು ನಮಗೆ ಗೊತ್ತಲ್ಲ.

ಕೂರಿಸುವ ಕೆಲಸ ಮೂರು ದಿನದಲ್ಲಿ ಮುಗಿಯಿತು. ಗಾಳಿ ಹಿಂದಕ್ಕೆ ಎಳೆಯುವ ಡಕ್ಟ್ ಸಣ್ಣದಿತ್ತು, ಇನ್ನೊಂದನ್ನು ಕೊರೆದು ಸೇರಿಸಿದರು. ಹೊರಗಿನ ಘಟಕವನ್ನು ಅಡುಗೆಮನೆ ಬಾಗಿಲ ಪಕ್ಕ ಸೂರಿನ ಅಂಚಿಗೆ ಇಡಲು ಹೊರಟಿದ್ದರು. ಮಾಡಿನ ಮಂಜುಗಡ್ಡೆ ಅದರ ಮೇಲೇ ಬೀಳುತ್ತಿತ್ತು, ಅದರಿಂದ ಇಳಿದ ನೀರು ಓಡಾಡುವ ದಾರಿಯಲ್ಲಿ ಹೆಪ್ಪುಗಟ್ಟುತ್ತಿತ್ತು. ಅದನ್ನು ಪೂರ್ವದ ಗೋಡೆಗೆ ಸರಿಸಿ, ಹಿಮಕ್ಕೆ ಸಿಗದಂತೆ ಒಂದೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾಯಿತು.

ಗ್ಯಾಸ್ ಒಲೆ ಮಾತ್ರ ಉಳಿಯಿತು. ಜೋಳದ ರೊಟ್ಟಿ ಉಬ್ಬುವುದು ಉರಿಯ ಮೇಲೆಯೇ ಎಂದರು ಸುಧಾ. ನಾನು ಎದುರಾಡಲಿಲ್ಲ. ಈಗ ಗ್ಯಾಸ್ ಬಿಲ್ಲಿನಲ್ಲಿ ಉರಿಸಿದ ಗ್ಯಾಸಿಗಿಂತ ಸಂಪರ್ಕದ ಸ್ಥಿರ ಶುಲ್ಕವೇ ಹೆಚ್ಚು. ಅದು ಅವರು ಗೊತ್ತಿದ್ದೇ ಒಪ್ಪಿಕೊಂಡ ಖರ್ಚು.

ಅವ್ವ ಬಂದ ಮೇಲೆ

ಮಹೇಶನ ತಾಯಿ ಬಾಣಂತನಕ್ಕೆಂದು ಅಕ್ಟೋಬರ್ ಕೊನೆಯಲ್ಲಿ ಬಂದರು. ಮೊದಲ ಮಗುವಿನ ಹೊತ್ತಿಗೂ ಬಂದಿದ್ದವರು. ಆಗ ಬಾಣಂತಿಯ ಮಂಚವನ್ನು ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಯ ಮೇಲೇ ಹಾಕಿಸಿದ್ದರಂತೆ. ಊರಲ್ಲಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರಲ್ಲ, ಅದಕ್ಕೆ ಬದಲು ಇದು. ಈ ಸಲವೂ ಮಂಚ ಅಲ್ಲೇ ಬಂತು. ನಾನು ಮಗು ನೋಡಲು ಹೋದಾಗ ಅವ್ವ ಶಾಲು ಹೊದ್ದು ಜಾಲರಿಯ ಮೇಲೆ ಅಂಗೈ ಹಿಡಿದು ಕೂತಿದ್ದರು.

"ಹೋದ ಸಲ ಇಲ್ಲಿಂದ ಬೆಂಕಿ ಬಂದಂಗ ಬರ್ತಿತ್ತು. ಈಗ ಬಿಸಿನೂ ಅಲ್ಲ, ಥಂಡಿನೂ ಅಲ್ಲ. ಕೂಸಿಗಿ ಇದು ಸಾಲೂದಿಲ್ಲ ನೋಡ್ ತಮ್ಮಾ."

ನಾನು ಥರ್ಮಾಮೀಟರ್ ಇಟ್ಟು ನೋಡಿದೆ. ಜಾಲರಿಯಿಂದ ಬರುವ ಗಾಳಿ 95 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್ಸಿನಲ್ಲಿ 35. ಹಳೆಯ ಫರ್ನೇಸಿನದು 130ರ ಮೇಲಿರುತ್ತಿತ್ತು. ನಮ್ಮ ಚರ್ಮದ ಬಿಸಿಯೇ 92ರ ಆಸುಪಾಸು, ಹಾಗಾಗಿ 95ರ ಗಾಳಿ ಮೈಗೆ ಬೀಸಿದರೆ ಬಿಸಿ ಅನಿಸುವುದೇ ಇಲ್ಲ, ಒದ್ದೆ ಕೂದಲಿಗೆ ಬಡಿದರೆ ಚಳಿಯೇ ಆಗುತ್ತದೆ. ಆದರೆ ಕೋಣೆಯ ಹವೆ ಹಗಲೆಲ್ಲ 71ರಲ್ಲಿ ಅಲುಗಾಡದೆ ನಿಂತಿತ್ತು. ಮುಂಚೆ 67ರಿಂದ 73ರವರೆಗೆ ತೂಗಾಡುತ್ತಿತ್ತು. ಅವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಯಂತ್ರದಲ್ಲೂ ದೋಷವಿರಲಿಲ್ಲ. ಮಂಚವನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದೆವು, ಜಾಲರಿಗೆ ಗಾಳಿ ತಿರುಗಿಸುವ ತಟ್ಟೆ ಹಾಕಿದೆವು, ಮನೆಯ ಬಿಸಿ ಎಷ್ಟಿರಬೇಕೆಂದು ಹೇಳುವ ಥರ್ಮೋಸ್ಟಾಟನ್ನು ಹಗಲು ಹೊತ್ತು 73ಕ್ಕೆ ಏರಿಸಿದೆವು. ಒಂದು ವಾರದಲ್ಲಿ ಅವ್ವನ ಶಾಲು ಹೆಗಲಿನಿಂದ ಕುರ್ಚಿಯ ಬೆನ್ನಿಗೆ ಹೋಯಿತು.

ಇನ್ನೊಂದು ದಿನ ನಸುಕಿನಲ್ಲಿ ಫೋನ್. "ತಮ್ಮಾ, ಹೊರಗಿನ ಡಬ್ಬಿಗಿ ಬೆಂಕಿ ಹತ್ತೇತಿ, ಬೆಳ್ಳಗ ಹೊಗಿ ಏಳಾಕತ್ತೇತಿ!" ಅದು ಹೊಗೆಯಲ್ಲ, ಆವಿ. ಹೊರಗಿನ ಘಟಕದ ಮೇಲೆ ಕಟ್ಟುವ ಮಂಜನ್ನು ಅದು ಆಗಾಗ ತಾನೇ ಕರಗಿಸಿಕೊಳ್ಳುತ್ತದೆ, ಆಗ ಮೋಡದಂತೆ ಆವಿ ಏಳುತ್ತದೆ. ಇದನ್ನು ಮೊದಲೇ ಹೇಳಿಡಬೇಕಿತ್ತು. ಪಾಪ, ಅವರು ಕೂಸನ್ನು ಕಂಬಳಿಯಲ್ಲಿ ಸುತ್ತಿ ಮುಂಬಾಗಿಲಿಗೆ ಬಂದು ನಿಂತುಬಿಟ್ಟಿದ್ದರು.

760 ಡಾಲರಿನ ಬಿಲ್

ಜನವರಿ ಮೊದಲ ವಾರ ಡಿಸೆಂಬರಿನ ಬಿಲ್ ಬಂತು: 2,460 ಯೂನಿಟ್. ಯೂನಿಟ್ಟಿಗೆ 31 ಸೆಂಟಿನಂತೆ 760 ಡಾಲರ್. ಮಹೇಶ ಬೈಯಲಿಲ್ಲ, ಸುಮ್ಮನೆ ಬಿಲ್ಲಿನ ಫೋಟೊ ಕಳಿಸಿದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಲೆಕ್ಕದಲ್ಲಿ 1,900 ದಾಟಬಾರದಿತ್ತು.

ಮರುದಿನ ಹೋದಾಗ ಹೊರಗೆ 41 ಡಿಗ್ರಿ, ಅಂದರೆ 5 ಸೆಲ್ಸಿಯಸ್. ಪಂಪ್ ನಗುನಗುತ್ತ ಓಡಬೇಕಾದ ಹವೆ. ಬೆಂಬಲದ ಕಾಯಿಲ್ಲಿನ ತಂತಿಗೆ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ: 41 ಆಂಪಿಯರ್. ಪೂರ್ತಿ 10 ಕಿಲೋವ್ಯಾಟ್ ಉರಿಯುತ್ತಿತ್ತು! ಥರ್ಮೋಸ್ಟಾಟಿನ ದಾಖಲೆ ತೆಗೆದರೆ ಡಿಸೆಂಬರಿನಲ್ಲಿ ಅದು 88 ಗಂಟೆ ಉರಿದಿತ್ತು. 880 ಯೂನಿಟ್.

ಕಾರಣ ಎರಡು. ಫರ್ನೇಸ್ ಇದ್ದಾಗಿನಿಂದ ರಾತ್ರಿ 62ಕ್ಕೆ ಇಳಿಸಿ ಬೆಳಿಗ್ಗೆ ಐದೂವರೆಗೆ 70ಕ್ಕೆ ಏರಿಸುವ ವೇಳಾಪಟ್ಟಿ ಇತ್ತು, ಅದೇ ಹೊಸ ಥರ್ಮೋಸ್ಟಾಟಿಗೂ ಬಂದಿತ್ತು. ಬಾಣಂತಿ ಕೋಣೆಗೆ ಅದರಿಂದ ಚಳಿಯಾಗುತ್ತದೆಂದು ಅವ್ವ ಬೆಳಿಗ್ಗೆ ಕೂಸಿಗೆ ಎರೆಯುವ ಮುಂಚೆ 78ಕ್ಕೆ ತಿರುಗಿಸುತ್ತಿದ್ದರು. ಗ್ಯಾಸಿನಲ್ಲಿ ಇದು ಸರಿಯಾದ ಅಭ್ಯಾಸ, ರಾತ್ರಿ ಇಳಿಸಿದಷ್ಟೂ ಉಳಿತಾಯ. ಹೀಟ್ ಪಂಪಿನಲ್ಲಿ ಒಮ್ಮೆಲೇ ಎಂಟು ಡಿಗ್ರಿ ಏರಿಸಿ ಎಂದರೆ ಥರ್ಮೋಸ್ಟಾಟ್ ಪಂಪಿನ ದಾರಿ ಕಾಯದೆ ಕಾಯಿಲನ್ನು ಕರೆಯುತ್ತದೆ. ಕಾಯಿಲ್ಲಿನಲ್ಲಿ ಒಂದು ಯೂನಿಟ್ಟಿಗೆ ಸಿಗುವುದು ಒಂದೇ ಯೂನಿಟ್ ಶಾಖ.

ಎರಡನೆಯ ಕಾರಣ ನನ್ನದು. ಹೊರಗೆ ಇಷ್ಟು ಡಿಗ್ರಿಗಿಂತ ಬೆಚ್ಚಗಿದ್ದರೆ ಕಾಯಿಲ್ ಹತ್ತಲೇಬಾರದು ಎಂದು ಥರ್ಮೋಸ್ಟಾಟಿನ ಒಳ ಮೆನುವಿನಲ್ಲಿ ಕಟ್ಟಿಹಾಕಬಹುದು. ಕೂರಿಸಿದವರು ಅದನ್ನು ಮಾಡಿರಲಿಲ್ಲ. ಕೊನೆಯ ದಿನ ನಾನು ಗಾಳಿಯ ಒತ್ತಡ ನೋಡಿದೆ, ಅನಿಲದ ತೂಕ ನೋಡಿದೆ, ಆ ಮೆನು ತೆರೆಯಲಿಲ್ಲ. ಐದು ನಿಮಿಷದ ಕೆಲಸ. ಅದಕ್ಕೆ ಅವರು ತೆತ್ತ ಬೆಲೆ ಇನ್ನೂರು ಡಾಲರಿನ ಹತ್ತಿರ.

ಅವತ್ತೇ ಮಿತಿಯನ್ನು 15 ಡಿಗ್ರಿಗೆ ಕಟ್ಟಿದೆ. ವೇಳಾಪಟ್ಟಿ ಅಳಿಸಿ ಹಗಲೂ ರಾತ್ರಿ 72ಕ್ಕೆ ನಿಲ್ಲಿಸಿದೆವು. ಕೂಸಿಗೆ ಎರೆಯುವ ಬಚ್ಚಲಿಗೆ ಒಂದೂವರೆ ಕಿಲೋವ್ಯಾಟಿನ ಸಣ್ಣ ಹೀಟರ್ ತಂದರು. ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್, ಬಚ್ಚಲು ಕಾದ ಹಂಚಿನಂತೆ. ಅವ್ವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಜನವರಿ ಡಿಸೆಂಬರಿಗಿಂತ ಹೆಚ್ಚು ಚಳಿಯಿತ್ತು, ಬಿಲ್ಲಿನಲ್ಲಿ ಬಂದದ್ದು 2,220 ಯೂನಿಟ್. ಒಂದು ಬೆಳಗಿನ ಜಾವ 9 ಡಿಗ್ರಿಗೆ ಇಳಿದಾಗಲೂ ಮನೆ 71ರ ಕೆಳಗೆ ಹೋಗಲಿಲ್ಲ.

ದುಡ್ಡಿನ ಲೆಕ್ಕ

ಉಳಿತಾಯದ ಆಸೆಯಿಂದ ಬಂದವರಿಗೆ ಇಲ್ಲಿನ ಉತ್ತರ ಸಿಹಿಯಾಗಿಲ್ಲ. ಹಿಂದೆ ಮನೆ ಬೆಚ್ಚಗಿಡಲು ಚಳಿಗಾಲಕ್ಕೆ 1,150 ಥರ್ಮ್, ಸುಮಾರು 2,185 ಡಾಲರ್ ಹೋಗುತ್ತಿತ್ತು. ಮೊದಲ ವರ್ಷ ಅದೇ ಕೆಲಸಕ್ಕೆ 7,600 ಯೂನಿಟ್, 2,350 ಡಾಲರ್. ಎರಡನೆಯ ಚಳಿಗಾಲ ಹೆಚ್ಚು ಕಠಿಣವಿದ್ದರೂ 7,500 ಯೂನಿಟ್ಟಿನಲ್ಲಿ ಮುಗಿಯಿತು. ಬೇಸಿಗೆಯಲ್ಲಿ ಹಳೆಯ ಎಸಿಗೆ ಹೋಲಿಸಿದರೆ ನೂರೈವತ್ತು ಡಾಲರ್ ಉಳಿಯಿತು, ನೀರಿನ ಖರ್ಚು ಅಲ್ಲಿಗಲ್ಲಿಗೆ. ವರ್ಷದ ಕೊನೆಗೆ ಹಳೆಯ ಖರ್ಚೇ.

ಅದಕ್ಕಿಂತಲೂ ನೇರವಾಗಿ ಹೇಳಬೇಕಾದ್ದು ಇನ್ನೊಂದಿದೆ. ಅಟ್ಟದ ಕೆಲಸ ಮಾತ್ರ ಮಾಡಿಸಿ ಗ್ಯಾಸ್ ಫರ್ನೇಸನ್ನೇ ಉಳಿಸಿಕೊಂಡಿದ್ದರೆ ವರ್ಷಕ್ಕೆ ನಾನೂರು ಡಾಲರ್ ಉಳಿಯುತ್ತಿತ್ತು. ಆ ಉಳಿತಾಯವನ್ನು ದುಬಾರಿ ಕರೆಂಟು ತಿಂದುಹಾಕಿತು. ಕರೆಂಟು ಅಗ್ಗವಿರುವ ವಾಷಿಂಗ್ಟನ್ ರಾಜ್ಯದಲ್ಲಿ ಇದೇ ಮನೆ ಇದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಮಾರುವವರು ತೋರಿಸುವ ಉಳಿತಾಯದ ಪಟ್ಟಿ ನೋಡುವ ಮುಂಚೆ ನಿಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ ಎಷ್ಟು, ಥರ್ಮಿಗೆ ಎಷ್ಟು ಎಂದು ನೋಡಿಕೊಳ್ಳಿ.

ಹಾಗಾದರೆ ಯಾಕೆ ಮಾಡಿದಿರಿ ಎಂದು ಮಹೇಶನನ್ನು ಕೇಳುತ್ತಾರೆ. ಹೊಸ ಎಸಿಯ ಬೆಲೆಗೆ ಹತ್ತಿರದಲ್ಲಿ ಎರಡೂ ಯಂತ್ರ ಹೊಸದಾದವು. ಬೇಸ್‌ಮೆಂಟಿನಲ್ಲಿ ಈಗ ಏನೂ ಉರಿಯುವುದಿಲ್ಲ. ಒಂದು ಥರ್ಮ್ ಗ್ಯಾಸ್ ಉರಿದರೆ 5.3 ಕಿಲೋ ಇಂಗಾಲದ ಡೈ ಆಕ್ಸೈಡ್. ಮನೆಗೂ ನೀರಿಗೂ ಸೇರಿ ವರ್ಷಕ್ಕೆ ಏಳು ಟನ್ ಇವರ ಚಿಮಣಿಯಿಂದಲೇ ಹೋಗುತ್ತಿತ್ತು. ಈಗ ಕರೆಂಟಿನ ಲೆಕ್ಕದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಇಬ್ಬರು ಮಕ್ಕಳ ತಂದೆಯಾಗಿ ತನಗೆ ಅದು ಸಣ್ಣ ವಿಷಯವಲ್ಲ ಎನ್ನುತ್ತಾರೆ ಮಹೇಶ. ನನಗೂ ಅಲ್ಲ.

ಮತ್ತೊಮ್ಮೆ ಇದೇ ಕೆಲಸಕ್ಕೆ ಇಳಿದರೆ ನಾನು ಎರಡು ಬದಲಾವಣೆ ಮಾಡುತ್ತೇನೆ. ಕಾಂಟ್ರಾಕ್ಟರ್ ಮನೆ ಬಿಡುವ ಮುಂಚೆ ಮನೆಯವರನ್ನೂ ಕೂರಿಸಿಕೊಂಡು ಥರ್ಮೋಸ್ಟಾಟಿನ ಪ್ರತಿಯೊಂದು ಸೆಟ್ಟಿಂಗ್ ಓದಿ ಬರೆದಿಡುತ್ತೇನೆ. ಮನೆಯಲ್ಲಿ ಹಗಲು ಹೊತ್ತು ಇರುವವರು ಯಾರೋ ಅವರಿಗೆ, ಈ ಮನೆಯಲ್ಲಾದರೆ ಅವ್ವನಿಗೆ, ಆವಿ ಏಳುತ್ತದೆ, ಗಾಳಿ ಉಗುರುಬೆಚ್ಚಗಿರುತ್ತದೆ, ಗುಂಡಿ ತಿರುಗಿಸಬೇಡಿ ಎಂದು ಅವರ ಮಾತಿನಲ್ಲೇ ಮೊದಲು ಹೇಳುತ್ತೇನೆ. ನಾವು ಎಲ್ಲವನ್ನೂ ಮಹೇಶನಿಗೆ ಹೇಳಿದ್ದೆವು, ಮಹೇಶ ದಿನವಿಡೀ ಆಫೀಸಿನಲ್ಲಿದ್ದರು.

2025ರ ನವೆಂಬರಿನಿಂದ ಮ್ಯಾಸಚೂಸೆಟ್ಸ್‌ನ ದೊಡ್ಡ ವಿದ್ಯುತ್ ಕಂಪನಿಗಳು ಹೀಟ್ ಪಂಪ್ ಇರುವ ಮನೆಗಳಿಗೆ ಚಳಿಗಾಲದಲ್ಲಿ ಕಡಿಮೆ ದರ ಹಾಕುತ್ತಿವೆ. ಮಹೇಶ ಮೊದಲ ಬಿಲ್ಲಿನಲ್ಲಿ ಆ ದರ ಬಂದಿದೆಯೇ ಎಂದು ಸಾಲು ಸಾಲಾಗಿ ಓದಿ, ಬಂದಿದೆ ಎಂದು ನನಗೆ ಫೋಟೊ ಕಳಿಸಿದರು. ಹೀಟ್ ಪಂಪ್ ಇದ್ದೂ ಹಳೆಯ ದರದಲ್ಲೇ ಕಟ್ಟುತ್ತಿರುವವರು ಕಂಪನಿಗೆ ಫೋನ್ ಮಾಡಿ ಕೇಳಿ.